ಹಸಿರು ದೀಪದ ದನಿ

(ದತ್ತಿ ಉಪನ್ಯಾಸ)



ಈ ದತ್ತಿಯನ್ನು ನೆಲೆಗೊಳಿಸಿದ ಹಿರಿಯರು ಉಪನ್ಯಾಸದ ವಿಷಯವನ್ನು ಉಪನ್ಯಾಸಕನ ಇಚ್ಛೆಗೆ ಬಿಟ್ಟು, ಅದು ನಿತ್ಯಜೀವನಕ್ಕೆ ಸಂಬಂಧಿಸಿದುದಾಗಿರಬೇಕೆಂಬ ಒಂದೇ ನಿಬಂಧನೆಯನ್ನು ಹಾಕಿದ್ದಾರೆಂದು ಕಾರ್ಯದರ್ಶಿಗಳು ತಿಳಿಸಿದಾಗ, ನನ್ನ ಮನಸ್ಸಿಗೆ ಮೊಟ್ಟಮೊದಲು ಹೊಳೆದದ್ದು ರಸ್ತೆ ದಾಟುವ ಕೆಲಸ. ಪಟ್ಟಣಿಗನ ಬಾಳಿನಲ್ಲಿ ಅದಕ್ಕಿಂತ ನಿತ್ಯವಾದುದು ಇನ್ನಾವುದಿದೆ? ಕಣ್ಣುಳ್ಳವರು ಅದನ್ನು ಕೆಲಸವೆಂದೇ ಎಣಿಸುವುದಿಲ್ಲ. ಕೆಂಪು ಹೋಗಿ ಹಸಿರು ಬಂದರೆ ಕಾಲು ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ಹಸಿರು ಬರುವವರೆಗೆ ಕಾಯುವ ಸಂಯಮವೂ ಅಪರೂಪ. ಆದರೆ ಬಣ್ಣವೆಂಬುದು ಯಾರ ಅನುಭವಕ್ಕೆ ನಿಲುಕದೋ ಅವರ ಪಾಲಿಗೆ ಆ ದೀಪಸ್ತಂಭವು ಕೇವಲ ಮೂಕಸ್ತಂಭವಾಗಿರತಕ್ಕದ್ದಷ್ಟೆ. ಅದಕ್ಕೊಂದು ಬಾಯಿ ಕೊಡಬೇಕೆಂದು ಹಲವು ದೇಶಗಳವರು ಹಲವು ಬಗೆಯಾಗಿ ಪ್ರಯತ್ನಿಸಿದ್ದಾರೆ. ಆ ಬಾಯಿ ಏನನ್ನು ಆಡಿತು, ಕೇಳಿದವರಿಗೆ ಅದು ಹೇಗೆ ಕೇಳಿಸಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ತಮ್ಮ ಮುಂದಿಡುತ್ತೇನೆ.

ಈ ವಿಷಯದಲ್ಲಿ ನನಗೆ ಗುರುಸ್ಥಾನದಲ್ಲಿರುವುದು ಎರಡು. ಒಬ್ಬರು, ಬಸವನಗುಡಿಯಲ್ಲಿ ನಮ್ಮ ನೆರೆಬೀದಿಯಲ್ಲಿ ವಾಸವಾಗಿರುವ, ಬಹುಕಾಲ ಪಿಟೀಲು ಪಾಠ ಹೇಳಿ ಈಗ ವಿಶ್ರಾಂತರಾಗಿರುವ ಮೇಷ್ಟರು, ಹುಟ್ಟಿನಿಂದಲೂ ದೃಷ್ಟಿಯಿಲ್ಲದವರು. ಇನ್ನೊಂದು, ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿರುವ ಒಂದು ಗುಂಡಿ. ಗುಂಡಿಯೆಂದೊಡನೆ ತಾವು ನಕ್ಕಿರಿ. ನಮ್ಮ ರಸ್ತೆಗಳು ಆ ಶಬ್ದಕ್ಕೆ ಒಂದೇ ಅರ್ಥವನ್ನು ಉಳಿಸಿವೆ. ನಾನು ಹೇಳುತ್ತಿರುವುದು ಬೆರಳಿನಿಂದ ಒತ್ತುವ ಗುಂಡಿಯ ವಿಚಾರ.

ಸಿಡ್ನಿಯಲ್ಲಿರುವ ನನ್ನ ಮಗಳ ಮನೆಯು ನಾಲ್ಕು ರಸ್ತೆಗಳು ಕೂಡುವ ಒಂದು ಮೂಲೆಯಲ್ಲಿ, ಮೂರನೆಯ ಅಂತಸ್ತಿನಲ್ಲಿದೆ. ಅಲ್ಲಿಗೆ ಹೋದ ಮೊದಲ ರಾತ್ರಿ, ಪ್ರಯಾಣದ ಆಯಾಸದಿಂದ ಕಣ್ಣು ಮುಚ್ಚಿದವನಿಗೆ, ಎಲ್ಲಿಯೋ ನೀರು ತೊಟ್ಟಿಕ್ಕುತ್ತಿರುವ ಹಾಗೆ ಟಕ್, ಟಕ್ ಎಂಬ ಸದ್ದು ಕೇಳಿಸತೊಡಗಿತು. ಎದ್ದು ಹೋಗಿ ಬಚ್ಚಲುಮನೆಯ ನಲ್ಲಿಯನ್ನು ಎರಡು ಸಲ ಬಿಗಿಯಾಗಿ ತಿರುಗಿಸಿ ಬಂದೆ. ಸದ್ದು ನಿಲ್ಲಲಿಲ್ಲ. ಅಡುಗೆಮನೆಯ ನಲ್ಲಿಯನ್ನೂ ಪರೀಕ್ಷಿಸಿದ್ದಾಯಿತು. ಕೊನೆಗೆ ಕಿಟಕಿಯ ಬಳಿ ನಿಂತಾಗ, ಅದು ಕೆಳಗಿನ ಸಿಗ್ನಲ್ಲು ಕಂಬದಿಂದ ಬರುತ್ತಿದೆಯೆಂಬುದು ತಿಳಿಯಿತು. ಬೆಳಗ್ಗೆ ಕಾಫಿ ಕುಡಿಯುವಾಗ, "ಏನಮ್ಮ, ಅದನ್ನು ರಾತ್ರಿಯ ಹೊತ್ತಾದರೂ ನಿಲ್ಲಿಸಬಾರದೆ?" ಎಂದೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಅವರಿಗೆ ರಾತ್ರಿಯಾದರೇನಪ್ಪ, ಹಗಲಾದರೇನು?" ಎಂದಳು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಅಂದು ಸಂಜೆ ಕೆಳಗಿಳಿದು ಹೋಗಿ ಆ ಯಂತ್ರವನ್ನು ಕೈಯಾರೆ ಮುಟ್ಟಿ ನೋಡಿದೆ. ಹಿರಿಯ ಗಾತ್ರದ ದುಂಡನೆಯ ಲೋಹದ ಗುಂಡಿ. ಮೊಣಕೈಯಿಂದ ಒತ್ತಿದರೂ ಸಾಕು. ಅದರ ಮೇಲ್ಗಡೆ ಒಂದು ದುಂಡು ಫಲಕ, ಫಲಕದಲ್ಲಿ ಉಬ್ಬಿನಿಂತ ಒಂದು ಬಾಣ. ಆ ಬಾಣದ ಮೊನೆಯು ದಾಟಬೇಕಾದ ದಿಕ್ಕನ್ನೇ ತೋರುತ್ತದೆ. ಅಂಗೈಯನ್ನು ಅದರ ಮೇಲಿಟ್ಟರೆ ನಾಡಿಯಂತೆ ಮಿಡಿಯುತ್ತದೆ. ದೀಪ ಕೆಂಪಾಗಿರುವವರೆಗೆ ಮಿಡಿತವೂ ನಿಧಾನ, ಸದ್ದೂ ನಿಧಾನ. ಹಸಿರಾದ ಕ್ಷಣದಲ್ಲಿ ಹಕ್ಕಿಯೊಂದು ಸರ್ರನೆ ಇಳಿದಂತಹ ಸಣ್ಣದೊಂದು ಸೀಟಿ. ಅದರ ಬೆನ್ನಿಗೇ ಟಕಟಕಟಕ ಎಂಬ ಶೀಘ್ರಗತಿ. ಕಣ್ಣಿನೊಡನೆ ಕಿವಿಯನ್ನೂ ಕಳೆದುಕೊಂಡವರು ಅಂಗೈಯಿಂದಲೇ ಇಷ್ಟನ್ನೂ ಓದಬಲ್ಲರು. ಲೂಯಿಸ್ ಚಾಲಿಸ್ ಎಂಬ ಧ್ವನಿಶಾಸ್ತ್ರಜ್ಞರು ಮತ್ತು ಅಲ್ಲಿಯ ರಸ್ತೆ ಇಲಾಖೆಯ ಎಂಜಿನಿಯರುಗಳು 1980ರ ದಶಕದಲ್ಲಿ ಸೇರಿ ರೂಪಿಸಿದ ಈ ಉಪಕರಣದ ಒಳಗಡೆ ಒಂದು ಮೈಕ್ರೊಫೋನೂ ಇದ್ದು, ಅದು ಬೀದಿಯ ಗದ್ದಲವನ್ನು ಸದಾ ಆಲಿಸುತ್ತ, ಗದ್ದಲ ಹೆಚ್ಚಿದಾಗ ತನ್ನ ದನಿಯನ್ನು ಏರಿಸಿ, ಬೀದಿ ಮಲಗಿದಾಗ ತಾನೂ ಪಿಸುಮಾತಿಗೆ ಇಳಿಯುತ್ತದೆ. ನನ್ನ ನಿದ್ರೆಗೆಡಿಸಿದ್ದು ಆ ಪಿಸುಮಾತು! ಹೊಸ ಊರಿನಲ್ಲಿ ಮುದುಕನ ಕಿವಿ ಎಷ್ಟು ಅಸಹನೆಯದಾಗಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಿಲ್ಲಿ ಐಲಿಷ್ ಎಂಬ ಅಮೆರಿಕದ ತರುಣ ಗಾಯಕಿ ಈ ಸದ್ದಿಗೆ ಮಾರುಹೋಗಿ, ಅದನ್ನು ಧ್ವನಿಮುದ್ರಿಸಿಕೊಂಡು, 2019ರ 'ಬ್ಯಾಡ್ ಗೈ' ಎಂಬ ಹಾಡಿನ ತಾಳದಲ್ಲಿ ಬೆರೆಸಿದಳೆಂದು ನನ್ನ ಮೊಮ್ಮಗಳಿಂದ ತಿಳಿಯಿತು, ಹಾಡನ್ನೂ ಕೇಳಿಸಿದಳು. ಹಾಡಿನ ವಿಷಯದಲ್ಲಿ ನಾನು ಅಭಿಪ್ರಾಯ ಕೊಡಲು ಅನರ್ಹ.

ಊರಿಗೆ ಹಿಂದಿರುಗಿದ ಮೇಲೆ, ಮೊಬೈಲಿನಲ್ಲಿ ಹಿಡಿದು ತಂದಿದ್ದ ಆ ಸದ್ದನ್ನು ಮೇಷ್ಟರಿಗೆ ಕೇಳಿಸಿದೆನು. ಅವರು ತಲೆ ಬಾಗಿಸಿ, ತೊಡೆಯ ಮೇಲೆ ಬೆರಳಿನಿಂದ ಎಣಿಕೆ ಹಾಕುತ್ತ, ಎರಡು ಆವರ್ತನ ಕೇಳಿ, "ಚೌಕ ಕಾಲದಲ್ಲಿ ನಿಂತಿರಿ, ದುರಿತದಲ್ಲಿ ಹೊರಡಿ, ಅಷ್ಟೇ ತಾನೆ? ಬಹಳ ಚೆನ್ನಾಗಿದೆ ರಾಯರೇ. ಇಲ್ಲಿ ರಾಗ ಬೇಕಿಲ್ಲ, ಲಯ ಸಾಕು" ಎಂದರು. ಈ ಒಂದು ಮಾತಿನ ಹಿಂದಿರುವ ಸತ್ಯವನ್ನು ಕಂಡುಕೊಳ್ಳಲು ಜಪಾನು ದೇಶಕ್ಕೆ ಕೆಲವು ದಶಕಗಳು ಬೇಕಾದುವೆಂದರೆ ತಾವು ಆಶ್ಚರ್ಯಪಟ್ಟೀರಿ.

ದೃಷ್ಟಿಯಿಲ್ಲದವರ ದಾರಿಗೆ ಜಪಾನೀಯರು ಮಾಡಿರುವ ಉಪಕಾರ ಅಲ್ಪವಲ್ಲ. ಇಂದು ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ ಕಾಲಿಗೆ ತಗಲುವ ಆ ಉಬ್ಬುಗೆರೆಯ ಹಳದಿ ಹಾಸುಗಲ್ಲುಗಳಿವೆಯಲ್ಲ, ಅವುಗಳನ್ನು ಕಲ್ಪಿಸಿದವರು ಒಕಾಯಾಮದ ಸೆಯಿಚಿ ಮಿಯಾಕೆ. 1967ರ ಮಾರ್ಚ್ 18ರಂದು ಆ ಊರಿನ ಅಂಧರ ಶಾಲೆಯ ಸಮೀಪದ ರಸ್ತೆಯಲ್ಲಿ ಮೊದಲ ಬಾರಿಗೆ ಅವನ್ನು ಹಾಸಲಾಯಿತು. ಸದ್ದು ಮಾಡುವ ಸಿಗ್ನಲ್ಲುಗಳೂ ಅಲ್ಲಿ ಬೇಗನೆ ಬಂದುವು. ಮೊದಮೊದಲು ಊರೂರಿಗೂ ಒಂದೊಂದು ಬಗೆಯ ಸದ್ದಿದ್ದು ಗೊಂದಲವಾಗಲು, 1975ರಲ್ಲಿ ಪೊಲೀಸು ಇಲಾಖೆಯವರು ಅವಕ್ಕೆ ಒಂದು ನಿಯಮವನ್ನು ತಂದರು. ಆಗ ಅಂಗೀಕೃತವಾದುವುಗಳಲ್ಲಿ ಎರಡು ಹಾಡಿನ ಮಟ್ಟುಗಳಿದ್ದುವು, ಎರಡು ಹಕ್ಕಿಯ ಕೂಗುಗಳಿದ್ದುವು. ಮಟ್ಟುಗಳಲ್ಲೊಂದು 'ತೋರ್ಯಾನ್ಸೆ' ಎಂಬ ಮಕ್ಕಳ ಆಟದ ಹಾಡು. ಇಬ್ಬರು ಮಕ್ಕಳು ಕೈ ಜೋಡಿಸಿ ಕಮಾನು ಮಾಡಿ ನಿಲ್ಲುವರು, ಉಳಿದವರು ಅದರಡಿಯಲ್ಲಿ ತೂರಿ ಹೋಗುವರು, ಗುಡಿಯ ದಾರಿಯಲ್ಲಿ ಕಾವಲಿನವನ ಅಪ್ಪಣೆ ಬೇಡುವ ಸಂವಾದವೇ ಆ ಹಾಡು. ದಾಟುವೆಡೆಗೆ ಇದಕ್ಕಿಂತ ಉಚಿತವಾದ ಗೀತವನ್ನು ಕವಿಯಾದವನೂ ಆರಿಸಲಾರನು. ಇನ್ನೊಂದು, ಸ್ಕಾಟ್ಲೆಂಡಿನ ಹಳೆಯ ಮಟ್ಟೊಂದು ಜಪಾನೀ ಭಾಷೆಯ ಉಡುಪು ತೊಟ್ಟದ್ದು. ಪಾದಚಾರಿಗಳು ಈ ಹಾಡುಗಳನ್ನು ಪ್ರೀತಿಸಿದರು. ಜಪಾನಿಗೆ ಹೋಗಿಬಂದ ಪ್ರವಾಸಿಗಳು ಅವನ್ನು ನೆನೆದು ಬರೆದರು.

ಆದರೂ ಹಾಡುಗಳು ಕ್ರಮೇಣ ಹಿಂದೆಗೆದವು. ಕಾರಣವಿಷ್ಟೆ: ಎಡೆಬಿಡದೆ ಹರಿಯುವ ಮಟ್ಟು ಎಲ್ಲ ಕಡೆಯಿಂದಲೂ ಬಂದಂತೆ ಕೇಳಿಸುತ್ತದೆಯೇ ಹೊರತು, 'ಇತ್ತ ಬಾ' ಎಂದು ಒಂದು ದಿಕ್ಕಿನಿಂದ ಕರೆಯುವುದಿಲ್ಲ. ದಾಟುವವನಿಗೆ ಯಾವಾಗ ಹೊರಡಬೇಕೆಂಬುದೊಂದೇ ತಿಳಿದರೆ ಸಾಲದು, ಎತ್ತ ಹೋಗಬೇಕೆಂಬುದೂ ತಿಳಿಯಬೇಕು. ಏಕೆಂದರೆ ಕಣ್ಣಿಲ್ಲದೆ ನೇರವಾಗಿ ನಡೆಯುವುದು ಮನುಷ್ಯಮಾತ್ರರಿಗೆ ಅಸಾಧ್ಯವೆಂಬಷ್ಟು ಕಷ್ಟ. ಸಂಶಯವಿದ್ದವರು ಮೈದಾನದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂವತ್ತು ಹೆಜ್ಜೆ ನಡೆದು ನೋಡಬಹುದು. ಹಾಗಾಗಿ ಹಕ್ಕಿಗಳು ಉಳಿದವು: ಒಂದು ದಾರಿಗೆ ಕೋಳಿಮರಿಯ ಪಿಯೊ, ಅಡ್ಡದಾರಿಗೆ 'ಕಕ್ಕೊ' ಹಕ್ಕಿಯ ಕೂಗು. ಈ ಶತಮಾನದ ಆರಂಭದಿಂದೀಚೆಗೆ ಅವರು ಮಾಡಿದ ಸುಧಾರಣೆಯಂತೂ ಮನೋಹರವಾಗಿದೆ. ರಸ್ತೆಯ ಎರಡು ದಡಗಳ ಧ್ವನಿವರ್ಧಕಗಳೂ ಒಟ್ಟಿಗೆ ಕೂಗದೆ, ಈ ದಡದ್ದು 'ಪಿಯೊ' ಎಂದರೆ ಆ ದಡದ್ದು 'ಪಿಯೊಪಿಯೊ' ಎಂದು ಉತ್ತರ ಕೊಡುತ್ತದೆ. ನಡುವೆ ನಡೆಯುವವನು ಎರಡು ಹಕ್ಕಿಗಳ ಸಂಭಾಷಣೆಯನ್ನೇ ಹಗ್ಗದಂತೆ ಹಿಡಿದು ಆಚೆ ಸೇರುತ್ತಾನೆ.

ಕಕ್ಕೊ ಹಕ್ಕಿಯ ಕೂಗಿನ ಮಾತು ಬಂದಾಗ ಮೇಷ್ಟರು ಗಾಂಧಾರದಿಂದ ಷಡ್ಜಕ್ಕೆ ಇಳಿಯುವ ಎರಡು ಸ್ವರಗಳನ್ನು ಹಾಡಿ ತೋರಿಸಿದರು. ನಮ್ಮ ಕೋಗಿಲೆ ಅದರ ಬಂಧುವಾದರೂ ಅದರ ಹಾದಿ ಬೇರೆ. ಕೂಗುತ್ತ ಕೂಗುತ್ತ ಮೇಲೇರುವುದು ಅದರ ಸ್ವಭಾವ. ಯಾರಾದರೂ ದೇಶಾಭಿಮಾನಿ ಎಂಜಿನಿಯರರು ನಮ್ಮ ಸಿಗ್ನಲ್ಲುಗಳಿಗೆ ಕೋಗಿಲೆಯ ದನಿಯನ್ನು ಕೂಡಿಸಿದರೆಂದಿಟ್ಟುಕೊಳ್ಳಿ. ಚೈತ್ರಮಾಸದಲ್ಲಿ ಮಲ್ಲೇಶ್ವರದ ಮಾವಿನ ಮರಗಳೆಲ್ಲ ಒಮ್ಮೆಗೇ ಹಸಿರು ದೀಪ ಕೊಡುವುವು! ಇದು ಬರಿಯ ಪರಿಹಾಸ್ಯವೆಂದು ತಿಳಿಯಬಾರದು. ಅಮೆರಿಕದಲ್ಲಿ ಒಂದು ದಿಕ್ಕಿಗೆ ಕಕ್ಕೊ, ಇನ್ನೊಂದಕ್ಕೆ ಚಿಲಿಪಿಲಿ ಎಂದು ಬಹುಕಾಲ ನಡೆಸಿ ನೋಡಿದರು. ಅನುಕರಣದಲ್ಲಿ ನಿಪುಣವಾದ ಅಲ್ಲಿಯ ಹಕ್ಕಿಗಳು ಆ ಸದ್ದನ್ನು ಕಲಿತು ತಾವೂ ಕೂಗುವುದುಂಟು. ಯಾವ ಕೂಗು ಯಾವ ದಿಕ್ಕಿನದೆಂಬುದು ಕೇಳುವವರಿಗೆ ಮರೆತುಹೋಗುತ್ತಿತ್ತು. ಎತ್ತರದ ಶ್ರುತಿಯ ಚಿಲಿಪಿಲಿಯಂತೂ ವಯಸ್ಸಾದವರ ಕಿವಿಗೆ ಕೇಳಿಸುವುದೇ ಕಷ್ಟ, ಕುರುಡರಲ್ಲಿ ವಯಸ್ಸಾದವರೇ ಬಹುಮಂದಿ. ಕೊನೆಗೆ 2009ರ ಅವರ ರಾಷ್ಟ್ರೀಯ ನಿಯಮಾವಳಿ ಹಕ್ಕಿಗಳನ್ನು ಬಿಟ್ಟು, ಸೆಕೆಂಡಿಗೆ 8ರಿಂದ 10 ಬಾರಿ ಬಡಿಯುವ ಟಕಟಕ ಸದ್ದನ್ನೇ ವಿಧಿಸಿತು. ಅದರ ಮುಖ್ಯ ಶ್ರುತಿ 880 ಹರ್ಟ್ಸ್. ಮೇಷ್ಟರ ಲಯಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಅದೇ ನಿಯಮಾವಳಿಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ವಿಧಿಯೊಂದುಂಟು: ದಾಟಿರೆಂಬ ಸದ್ದು ಸುತ್ತಣ ಬೀದಿಯ ಸದ್ದಿಗಿಂತ 5 ಡೆಸಿಬೆಲ್ಲಿಗಿಂತ ಹೆಚ್ಚಾಗಕೂಡದು. ಗುಂಡಿಯು ತಾನಿಲ್ಲಿರುವೆನೆಂದು ಸೆಕೆಂಡಿಗೊಮ್ಮೆ ಸೂಚಿಸುವ ಸದ್ದಾದರೋ 6ರಿಂದ 12 ಅಡಿಗಳಾಚೆ ಕೇಳಿಸಬೇಕಾಗಿಯೇ ಇಲ್ಲ.

ಏಕಿಷ್ಟು ಮೆಲ್ಲಗೆ? ಇಲ್ಲಿಯೇ ಈ ವಿಷಯದ ಹೃದಯವಿರುವುದು. ಕಣ್ಣುಳ್ಳ ನಾವು, ಕಣ್ಣಿಲ್ಲದವನ ಕಿವಿಯು ಖಾಲಿ ಪಾತ್ರೆಯೆಂದೂ ನಾವು ಏನನ್ನು ಸುರಿದರೂ ಅದು ಅವನಿಗೆ ಲಾಭವೆಂದೂ ಭಾವಿಸಿರುತ್ತೇವೆ. ವಾಸ್ತವವಾಗಿ ಅದು ಆಗಲೇ ತುಂಬಿದ ಕೊಡ. ಒಂದು ದಿನ ಮೇಷ್ಟರೊಡನೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ನಾನು ಹಿತಚಿಂತಕನ ಉತ್ಸಾಹದಿಂದ ಅವರ ರಟ್ಟೆಯನ್ನು ಹಿಡಿದೆ. "ಬಿಡಿ ರಾಯರೇ. ನೀವು ನನ್ನನ್ನು ಹಿಡಿಯಬೇಡಿ, ನಾನು ನಿಮ್ಮನ್ನು ಹಿಡಿದುಕೊಳ್ಳುತ್ತೇನೆ" ಎಂದು ಹೇಳಿ, ಎರಡು ಬೆರಳುಗಳನ್ನು ನನ್ನ ಮೊಣಕೈಗೆ ಮೇಲುಮೇಲಾಗಿ ತಾಗಿಸಿದರು, ಅನಂತರ ತುಟಿಯ ಮೇಲೆ ಬೆರಳಿಟ್ಟು ನನ್ನ ಮಾತನ್ನು ನಿಲ್ಲಿಸಿದರು. ಕೆಲವು ಕ್ಷಣಗಳಾದ ಮೇಲೆ, "ಎದುರಿನ ರಸ್ತೆ ಮಲಗಿತು" ಎಂದರು. ಇನ್ನೊಂದು ಕ್ಷಣಕ್ಕೆ, "ಪಕ್ಕದ್ದು ಎದ್ದಿತು, ನಡೆಯಿರಿ" ಎಂದರು. ನಾನು ತಲೆಯೆತ್ತಿ ನೋಡಿದರೆ ದೀಪ ಆಗತಾನೆ ಬದಲಾಗಿತ್ತು. ನಾವು ಹೋಗಬೇಕಾದ ದಿಕ್ಕಿಗೆ ಸಮಾನಾಂತರವಾಗಿ ಹರಿಯುವ ವಾಹನಗಳು ಒಮ್ಮೆಗೇ ಮೊರೆದು ಹೊರಡುವ ಸದ್ದೇ ಅವರಿಗೆ ಹಸಿರು ದೀಪ. ಆ ಸದ್ದು ಸಾಗುವ ರೇಖೆಯೇ ಅವರ ದಾರಿಯ ಅಂಚು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ಎಂಬವರು ಅಮೆರಿಕದಲ್ಲಿ ಉದ್ದನೆಯ ಬಿಳಿಕೋಲಿನ ವಿದ್ಯೆಯನ್ನು ಕ್ರಮಪಡಿಸಿದ ಮೇಲೆ ಬೆಳೆದುಬಂದ ಶಿಕ್ಷಣದಲ್ಲಿ ಹೀಗೆ ಬೀದಿಯನ್ನು ಕೇಳುವುದೇ ಒಂದು ಪಾಠ. ಮೇಷ್ಟರು ಅದನ್ನು ಯಾವ ಶಾಲೆಯಲ್ಲಿಯೂ ಕಲಿತವರಲ್ಲ.

ಇಂತಹ ಕಿವಿಯ ಪಕ್ಕದಲ್ಲಿ ಒಂದು ಗಂಟಲುಬ್ಬಿದ ಯಂತ್ರವನ್ನು ನಿಲ್ಲಿಸಿದರೆ, ಅದು ಅವರ ಒಂದು ಕಣ್ಣನ್ನು ತೆರೆಯಲು ಹೋಗಿ ಇನ್ನೊಂದನ್ನು ಮುಚ್ಚಿದಂತಾಗುತ್ತದೆ. ಆದುದರಿಂದಲೇ, ನಾವು ಊಹಿಸದ ಒಂದು ವಿಚಿತ್ರ ಅಮೆರಿಕದಲ್ಲಿ ನಡೆಯಿತು: ಈ ಸದ್ದಿನ ಸಿಗ್ನಲ್ಲುಗಳನ್ನು ದೀರ್ಘಕಾಲ ವಿರೋಧಿಸಿದವರಲ್ಲಿ ಅಂಧರದೇ ಒಂದು ದೊಡ್ಡ ಸಂಸ್ಥೆಯಾದ ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ಇತ್ತು. ತಕ್ಕ ಶಿಕ್ಷಣ ಪಡೆದ ಅಂಧನಿಗೆ ಬೀದಿಯ ಸದ್ದೇ ಸಾಕು, ಈ ಉಪಕರಣಗಳು ಅವನು ಅಸಹಾಯಕನೆಂಬ ಭಾವನೆಯನ್ನು ಲೋಕದಲ್ಲಿ ಬೇರೂರಿಸುವುವು ಎಂಬುದು ಅವರ ಪಕ್ಷ. ಇನ್ನೊಂದು ಸಂಸ್ಥೆಯಾದ ಅಮೆರಿಕನ್ ಕೌನ್ಸಿಲ್ ಆಫ್ ದಿ ಬ್ಲೈಂಡ್ ಅವು ಬೇಕೇ ಬೇಕೆಂದು ಹೋರಾಡಿತು. ಅಂಧರೆಲ್ಲರಿಗೂ ಒಂದೇ ಅಭಿಪ್ರಾಯವಿರಬೇಕೆಂದು ನಾವೇಕೆ ನಿರೀಕ್ಷಿಸಬೇಕು? ಕಣ್ಣುಳ್ಳವರಿಗೆ ಯಾವ ವಿಷಯದಲ್ಲಿ ಅದು ಇದೆ?

ನನ್ನ ಮನಸ್ಸು ಎರಡನೆಯ ಪಕ್ಷದ ಕಡೆ ವಾಲುತ್ತದೆ. ಅದಕ್ಕೆ ಕಾರಣವನ್ನು ಹೇಳುತ್ತೇನೆ. ಬೀದಿಯ ಭಾಷೆ ಬದಲಾಗುತ್ತಿದೆ. ನ್ಯೂಯಾರ್ಕು ಮುಂತಾದ ನಗರಗಳಲ್ಲಿ ಪಾದಚಾರಿಯ ಕ್ಷೇಮಕ್ಕೆಂದೇ, ವಾಹನಗಳಿಗೆ ಹಸಿರು ಕೊಡುವ ಕೆಲವು ಸೆಕೆಂಡುಗಳ ಮುಂಚೆಯೇ ನಡೆಯುವವರಿಗೆ ಅಪ್ಪಣೆ ಕೊಡುವ ಏರ್ಪಾಡು ಸಾವಿರಾರು ಕಡೆ ಬಂದಿದೆ. ಕಣ್ಣುಳ್ಳವರಿಗೆ ಇದು ವರವೇ ಸರಿ. ಅಂಧನಾದರೋ ಪಕ್ಕದ ರಸ್ತೆ ಏಳುವ ಸದ್ದಿಗಾಗಿ ಕಾಯುತ್ತ ನಿಂತಿರುತ್ತಾನೆ. ಆ ಅಮೂಲ್ಯವಾದ ಸೆಕೆಂಡುಗಳು ನಿಶ್ಶಬ್ದವಾಗಿ ಕಳೆದುಹೋಗುತ್ತವೆ. ಅವನು ಕಾಲಿಡುವ ಹೊತ್ತಿಗೆ ಸರಿಯಾಗಿ ತಿರುಗುವ ವಾಹನಗಳೂ ಹೊರಡುತ್ತವೆ. ಇನ್ನು ವಿದ್ಯುತ್ತಿನ ವಾಹನಗಳು. ಮೆಲ್ಲಗೆ ಚಲಿಸುವಾಗ ಅವು ಬೆಕ್ಕಿನ ಹೆಜ್ಜೆಯವೆಂದು ಕಂಡುಕೊಂಡು, ಯುರೋಪಿನ ರಾಷ್ಟ್ರಗಳು 2021ರ ಜುಲೈಯಿಂದ ಮಾರಾಟವಾಗುವ ಅಂತಹ ಪ್ರತಿಯೊಂದು ಹೊಸ ಕಾರೂ ಗಂಟೆಗೆ 20 ಕಿಲೋಮೀಟರಿನ ವೇಗದವರೆಗೆ ಕೃತಕವಾದ ಸದ್ದನ್ನು ಹೊರಡಿಸಬೇಕೆಂದು ಕಟ್ಟುಮಾಡಿವೆ. ನಮ್ಮ ಊರಿನಲ್ಲಿಯೂ ವಿದ್ಯುತ್ತಿನ ಸಿಟಿ ಬಸ್ಸುಗಳು ಬಂದಿವೆ. "ಹಳೆಯ ಬಸ್ಸು ಆನೆಯ ಹಾಗೆ, ನಿಂತರೂ ಉಸಿರಾಡುತ್ತಿತ್ತು, ಇದು ಎಲ್ಲಿ ನಿಂತಿದೆಯೋ ದೇವರಿಗೇ ಗೊತ್ತು" ಎಂದು ಮೇಷ್ಟರು ಅವುಗಳ ಮೇಲೆ ದೂರುತ್ತಾರೆ. ಹೊಗೆಯಿಲ್ಲದ್ದು ಒಳ್ಳೆಯದೆಂದೂ ಅದೇ ಉಸಿರಿನಲ್ಲಿ ಸೇರಿಸುತ್ತಾರೆ.

ನ್ಯೂಯಾರ್ಕಿನಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. 13,000ಕ್ಕೂ ಮಿಕ್ಕ ಸಿಗ್ನಲ್ಲುಗಳಿದ್ದ ಆ ಮಹಾನಗರದಲ್ಲಿ ಸದ್ದುಳ್ಳವು ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ. 2018ರಲ್ಲಿ ಹೂಡಿದ ವ್ಯಾಜ್ಯದಲ್ಲಿ 2020ರ ಅಕ್ಟೋಬರಿನಲ್ಲಿ ನ್ಯಾಯಾಧೀಶ ಪಾಲ್ ಎಂಗೆಲ್ಮೇಯರ್ ಅವರು, ಇದು ಅಂಗವಿಕಲರ ಬಗ್ಗೆ ಭೇದವೆಣಿಸಿದಂತೆಯೇ ಸರಿಯೆಂದು ತೀರ್ಪಿತ್ತು, ಮರುವರ್ಷದ ಡಿಸೆಂಬರಿನಲ್ಲಿ ಹತ್ತು ವರ್ಷಗಳೊಳಗೆ 9,000 ಕಡೆಗಳಲ್ಲಾದರೂ ಅವನ್ನು ಹಾಕತಕ್ಕದ್ದೆಂದು ಆಜ್ಞಾಪಿಸಿದರು.

ಅದೇ ಹೊತ್ತಿನಲ್ಲಿ, ಮೂರನೆಯ ಅಂತಸ್ತಿನಲ್ಲಿ ನಿದ್ರೆಗೆಟ್ಟು ಹೊರಳುವವನ ಪಕ್ಷವೂ ಒಂದುಂಟೆಂಬುದನ್ನು ನಾನು ಮರೆಯಲಾರೆ, ನಾನೇ ಅವನಾಗಿದ್ದೆನಲ್ಲ. ಜಪಾನಿನಲ್ಲಿ ನೆರೆಹೊರೆಯವರ ತಕರಾರಿಗೆ ಮಣಿದು ಅನೇಕ ಕಡೆ ಸಂಜೆಯಿಂದ ಬೆಳಗಿನವರೆಗೆ ಈ ಹಕ್ಕಿಗಳ ಕೊರಳನ್ನು ಕಟ್ಟಿಬಿಡುತ್ತಾರೆ. 2018ರ ಡಿಸೆಂಬರಿನಲ್ಲಿ ಟೋಕಿಯೊದ ತೊಷಿಮಾ ಭಾಗದಲ್ಲಿ ಅಂತಹ ಒಂದು ದಾಟುವೆಡೆಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ದೃಷ್ಟಿಯಿಲ್ಲದ ಒಬ್ಬರು ವಾಹನಕ್ಕೆ ಸಿಕ್ಕು ತೀರಿಕೊಂಡರು. ದೀಪ ಉರಿಯುತ್ತಿತ್ತು. ದನಿ ಮಾತ್ರ ಇರಲಿಲ್ಲ.

ನಮ್ಮ ದೇಶದ ವಿಷಯಕ್ಕೆ ಬಂದರೆ, ನಾವು ಹಿಂದುಳಿದಿರುವುದು ಕಾನೂನಿನಲ್ಲಿ ಅಲ್ಲವೆಂಬುದನ್ನು ಕೇಳಿ ತಾವು ಸಂತೋಷಪಡಬೇಕೋ ವ್ಯಥೆಪಡಬೇಕೋ ನಾನರಿಯೆ. 1995ರಲ್ಲಿಯೇ ನಮ್ಮ ಸಂಸತ್ತು ಅಂಗೀಕರಿಸಿದ ಅಂಗವಿಕಲರ ಅಧಿನಿಯಮದ 45ನೆಯ ಪ್ರಕರಣವು, ಸಾರ್ವಜನಿಕ ರಸ್ತೆಗಳ ಕೆಂಪು ದೀಪಗಳಲ್ಲಿ ದೃಷ್ಟಿಹೀನರಿಗಾಗಿ ಶ್ರವ್ಯ ಸಂಕೇತಗಳನ್ನು ಅಳವಡಿಸಬೇಕೆಂಬುದನ್ನು ಹೆಸರಿಟ್ಟು ಹೇಳಿತ್ತು. ಜೀಬ್ರಾ ಪಟ್ಟೆಗಳ ಮೇಲ್ಮೈಯಲ್ಲಿ ಕಾಲಿಗೆ ತಿಳಿಯುವ ಗೆರೆ ಕೊರೆಯಬೇಕೆಂದೂ ಹೇಳಿತ್ತು. ಆದರೆ ಅದಕ್ಕೆ ಮುಂಚೆಯೇ, ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಒಂದು ಪದಸಮೂಹವನ್ನೂ ಇರಿಸಿತ್ತು. ಆ ಮಿತಿಯ ನೆರಳಿನಲ್ಲಿ ಉಳಿದ ಪ್ರಕರಣವೆಲ್ಲ ಸುಖವಾಗಿ ನಿದ್ರಿಸಿತು. 2016ರ ಹೊಸ ಅಧಿನಿಯಮವು ಇತರ ಹಲವು ವಿಷಯಗಳಲ್ಲಿ ಹಳೆಯದಕ್ಕಿಂತ ಉದಾರವಾದುದಾದರೂ, ಸದ್ದಿನ ಸಿಗ್ನಲ್ಲನ್ನು ಹೆಸರು ಹೇಳಿ ಕರೆಯದೆ, ಸುಗಮ್ಯವಾದ ರಸ್ತೆಗಳು ಎಂಬ ಸಾಮಾನ್ಯ ಮಾತಿನಲ್ಲಿ ಅಡಗಿಸಿಬಿಟ್ಟಿದೆ. 2011ರ ಜನಗಣತಿಯಂತೆ ಈ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು.

ಹಾಗೆಂದು ಸಿಡ್ನಿಯ ಗುಂಡಿಯನ್ನು ತಂದು ನಮ್ಮ ಕಂಬಕ್ಕೆ ತಿರುಪಿದರೆ ಆಯಿತೆ? ಸುತ್ತಣ ಸದ್ದಿಗಿಂತ 5 ಡೆಸಿಬೆಲ್ಲು ಮೇಲೆ ಎಂಬ ಅಮೆರಿಕದವರ ಲೆಕ್ಕ ನಮ್ಮ ಹಾರನ್ನುಗಳ ನಡುವೆ ಎಲ್ಲಿಗೆ ಹೋಗಿ ಮುಟ್ಟೀತೆಂಬುದನ್ನು ಊಹಿಸಲು ನನಗೆ ಧೈರ್ಯವಿಲ್ಲ. ಇನ್ನು, ಹಸಿರು ದೀಪವೆಂಬುದು ವಾಹನವು ನಿಲ್ಲುವುದೆಂಬ ವಾಗ್ದಾನ. ಎಡಕ್ಕೆ ತಿರುಗುವವರೂ, ಎದುರು ದಿಕ್ಕಿನಿಂದ ನುಗ್ಗುವ ದ್ವಿಚಕ್ರಿಗಳೂ ಆ ವಾಗ್ದಾನಕ್ಕೆ ಸಹಿ ಹಾಕಿದವರಲ್ಲ. ದೀಪದ ಸುಳ್ಳನ್ನು ಕಣ್ಣುಳ್ಳವನು ಕಂಡು ಹಿಂದೆ ಸರಿಯಬಲ್ಲನು. ಅದೇ ಸುಳ್ಳನ್ನು ಸದ್ದು ಹೇಳಿದರೆ, ನಂಬಿ ಹೊರಟವನ ಗತಿ ಏನು?

ಕಳೆದ ವರ್ಷ ಮೇಷ್ಟರೂ ನಾನೂ ನಮ್ಮ ನಗರದ ಒಂದು ಕೂಡುರಸ್ತೆಗೆ, ಅಲ್ಲಿ ಇಂತಹದೊಂದು ಸಾಧನವನ್ನು ಹಾಕಿದ್ದಾರೆಂದು ಕೇಳಿ, ಅದನ್ನು ಕೇಳುವುದಕ್ಕಾಗಿಯೇ ಆಟೊ ಮಾಡಿಕೊಂಡು ಹೋದೆವು. ಕಂಬದ ನೆತ್ತಿಯಲ್ಲಿ ಜಾತ್ರೆಯ ಧ್ವನಿವರ್ಧಕದಂತಹ ಒಂದು ಕೊಂಬು; ಹಸಿರಾದೊಡನೆ ಅದು ಕರ್ಣಕಠೋರವಾಗಿ ಕಿರಿಚತೊಡಗಿತು. ಮೇಷ್ಟರು ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, "ಯಾರಿಗಾದರೂ ಹೇಳಿ ಇದನ್ನು ಸ್ವಲ್ಪ ಮೆಲ್ಲಗೆ ಮಾಡಿಸಿ ರಾಯರೇ, ಗಾಡಿಗಳು ಕೇಳಿಸುತ್ತಿಲ್ಲ" ಎಂದರು. ಎರಡು ಬಾರಿ ಹಸಿರಾಗಿ ಕೆಂಪಾಗುವವರೆಗೆ ನಿಂತು ಕೇಳಿ, ಮೂರನೆಯ ಸಲ ನನ್ನ ಮೊಣಕೈಗೆ ಬೆರಳು ತಾಗಿಸಿ ಹೊರಟರು. ನಾವು ರಸ್ತೆಯ ನಡುವನ್ನು ಮುಟ್ಟುವಷ್ಟರಲ್ಲಿ ಕಿರಿಚಾಟವು ತಟಕ್ಕನೆ ನಿಂತುಹೋಯಿತು. ನಾನು ಗಾಬರಿಯಿಂದ ಹಿಂದಕ್ಕೆ ನೋಡಿದೆ, ಮುಂದಕ್ಕೆ ನೋಡಿದೆ. ಮೇಷ್ಟರ ಹೆಜ್ಜೆ ಮಾತ್ರ ತಡೆಯಲಿಲ್ಲ. "ಎಡಗಡೆ ಹಳೆಯ ಬಸ್ಸೊಂದು ಗುಡುಗುಡು ಎನ್ನುತ್ತ ನಿಂತಿದೆಯಲ್ಲ, ಅದು ನಿಂತಿರುವವರೆಗೆ ಭಯವಿಲ್ಲ" ಎಂದು ಹೇಳಿ, ನನ್ನ ಮೊಣಕೈಯನ್ನು ಮೆಲ್ಲನೆ ಮುಂದಕ್ಕೆ ತಳ್ಳಿ, "ಡ್ರೈವರು ಗೇರು ಹಾಕುತ್ತಿದ್ದಾನೆ, ಬೇಗ ನಡೆಯಿರಿ" ಎಂದರು.